ಒಂದು ತರಗತಿ, ಒಂದೇ ಇ-ಬುಕ್ ರೀಡರ್: ದಿನಬಳಕೆ ಮತ್ತು ಒಂದು ಮಾದರಿ ಪಾಠ

ಹೊಸ ಸಾಧನವೊಂದು ಕೈಗೆ ಬಂದಾಗ ಪಾಠ ಟಿಪ್ಪಣಿಯ ‘ಬೋಧನೋಪಕರಣಗಳು’ ಎಂಬ ಕಲಮಿನಲ್ಲಿ ಅದರ ಹೆಸರು ಬರೆದು, ತರಗತಿಗೆ ಒಮ್ಮೆ ತೋರಿಸಿ, ಮತ್ತೆ ಕಪಾಟಿಗೆ ಸೇರಿಸುವುದು ಅಭ್ಯಾಸ ಪಾಠಗಳಲ್ಲಿ ಸಾಮಾನ್ಯ. ಇ-ಬುಕ್ ರೀಡರ್‌ನ ವಿಷಯದಲ್ಲಿ ಈ ಕ್ರಮ ಫಲ ಕೊಡದು. 6 ಅಂಗುಲದ ಪರದೆಯನ್ನು 40 ಮಕ್ಕಳಿಗೆ ಎತ್ತಿ ಹಿಡಿದರೆ ಹಿಂದಿನ ಬೆಂಚಿನವರಿಗೆ ಏನೂ ಕಾಣುವುದಿಲ್ಲ. ಇದು ಪ್ರದರ್ಶನದ ಉಪಕರಣವಲ್ಲ, ಒಬ್ಬರು ಕೈಯಲ್ಲಿ ಹಿಡಿದು ಓದುವ ಉಪಕರಣ. ಆದ್ದರಿಂದ ಇದರ ಉಪಯೋಗವೂ ಎರಡು ನೆಲೆಗಳಲ್ಲಿದೆ: ಮೊದಲನೆಯದು ಪ್ರಶಿಕ್ಷಣಾರ್ಥಿಯ ಸ್ವಂತ ಓದು; ಎರಡನೆಯದು ಓದುವಾಗ ತಡವರಿಸುವ ಮಗುವಿನ ತೊಡಕು ಕಣ್ಣಿನದೋ ಓದಿನದೋ ಎಂದು ಗಮನಿಸುವುದು.

ಸಾಧನದ ಪರಿಚಯ

ಮೊಬೈಲ್ ಮತ್ತು ಟ್ಯಾಬ್‌ಗಳ ಪರದೆ ತಾನೇ ಬೆಳಕು ಸೂಸುತ್ತದೆ. ಇ-ಬುಕ್ ರೀಡರ್‌ನ ಪರದೆ ಕಾಗದದಂತೆ ತನ್ನ ಮೇಲೆ ಬಿದ್ದ ಬೆಳಕನ್ನು ಪ್ರತಿಫಲಿಸುತ್ತದೆ. ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಲಕ್ಷಾಂತರ ಕೋಶಗಳಿವೆ. ಪ್ರತಿ ಕೋಶದಲ್ಲೂ ವಿರುದ್ಧ ವಿದ್ಯುದಾವೇಶ ಪಡೆದ ಬಿಳಿ ಮತ್ತು ಕಪ್ಪು ಕಣಗಳು ತಿಳಿಯಾದ ದ್ರವದಲ್ಲಿ ತೇಲುತ್ತಿರುತ್ತವೆ. ವಿದ್ಯುತ್ ಕ್ಷೇತ್ರ ಬದಲಾದಂತೆ ಬಿಳಿಯೋ ಕಪ್ಪೋ ಮೇಲಕ್ಕೆ ಬಂದು ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟ ಹಾಗೆಯೇ ನಿಲ್ಲಲು ವಿದ್ಯುತ್ ಬೇಕಾಗಿಲ್ಲ; ಪುಟ ತಿರುವಿದಾಗ ಮಾತ್ರ ಬೇಕು. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುವುದು ಇದರಿಂದಲೇ. ಪುಟ ತಿರುವಿದಾಗ ಪರದೆ ಒಮ್ಮೊಮ್ಮೆ ಕ್ಷಣಕಾಲ ಕಪ್ಪಾಗುವುದೇಕೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಹಿಂದಿನ ಪುಟದ ನೆರಳು ಉಳಿಯದಂತೆ ಕಣಗಳನ್ನು ಹೊಸದಾಗಿ ಜೋಡಿಸುವ ಕ್ರಮ ಅದು ಎಂದು ತಿಳಿಸಬಹುದು. ಈ ‘ಇ-ಇಂಕ್’ ತಂತ್ರ 1990ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡಿತು. ಇದನ್ನು ಬಳಸಿದ ಸೋನಿ ಲಿಬ್ರಿಯೆ 2004ರಲ್ಲಿ ಜಪಾನಿನಲ್ಲಿ, ಅಮೆಜಾನ್ ಕಿಂಡಲ್ 2007ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದವು.

ಪ್ರಶಿಕ್ಷಣಾರ್ಥಿಯ ದಿನಚರಿಯಲ್ಲಿ

ಅಭ್ಯಾಸ ಬೋಧನೆಯ ವಾರಗಳಲ್ಲಿ ಪಾಠ ಟಿಪ್ಪಣಿ, ಚಾರ್ಟು, ದಾಖಲೆಗಳ ನಡುವೆ ಮೊದಲು ನಿಂತುಹೋಗುವುದು ಸ್ವಂತ ಓದು. ಓದದ ಶಿಕ್ಷಕರು ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ಕಷ್ಟ. ರೀಡರ್‌ನ ಸುಖ ಇಲ್ಲಿ ನಿಜಕ್ಕೂ ಅನುಭವಕ್ಕೆ ಬರುತ್ತದೆ. ಚೀಲದಲ್ಲಿ ಒಂದು ತೆಳು ನೋಟ್‌ಬುಕ್ಕಿನಷ್ಟು ಜಾಗ ಸಾಕು, ಒಳಗೆ ನೂರಾರು ಪುಸ್ತಕ ಹಿಡಿಯುತ್ತವೆ. ಅಭ್ಯಾಸ ಶಾಲೆಗೆ ಹೋಗುವ ಬಸ್ಸಿನಲ್ಲಿ, ಶಾಲೆಯ ಜಗಲಿಯ ಬಿಸಿಲಿನಲ್ಲಿ ಅಕ್ಷರ ಮಂಕಾಗುವುದಿಲ್ಲ. ಓದಿನ ನಡುವೆ ಕರೆ, ಸಂದೇಶಗಳ ಕಾಟವಿಲ್ಲ. ಬಿಟ್ಟ ಪುಟದಲ್ಲೇ ಪುಸ್ತಕ ತೆರೆದುಕೊಳ್ಳುತ್ತದೆ.

ಪಾಠದ ಸಿದ್ಧತೆಗೂ ಇದು ನೆರವಾಗುತ್ತದೆ. ಓದುವಾಗ ಗುರುತು ಹಾಕಿದ ಸಾಲುಗಳು, ಬರೆದ ಟಿಪ್ಪಣಿಗಳು ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ಆ ಪಟ್ಟಿಯಿಂದಲೇ ಪ್ರಶ್ನೆಗಳನ್ನು ರೂಪಿಸಬಹುದು. ಇಂಗ್ಲಿಷ್ ಬೋಧನಾ ವಿಧಾನದ ಪ್ರಶಿಕ್ಷಣಾರ್ಥಿಗಳಿಗೆ ಪದದ ಮೇಲೆ ಬೆರಳಿಟ್ಟರೆ ಅರ್ಥ ತೋರುವ ಸೌಲಭ್ಯ ಬಹಳ ಉಪಯುಕ್ತ. ಕನ್ನಡ ಪದಗಳಿಗೆ ಈ ಸೌಲಭ್ಯ ಎಲ್ಲ ರೀಡರ್‌ಗಳಲ್ಲಿ ಇರುವುದಿಲ್ಲ. ಅಂಥ ಕಡೆ ಕಠಿಣ ಪದಗಳಿಗೆ ಗುರುತು ಹಾಕಿಕೊಂಡು, ಗ್ರಂಥಾಲಯದ ನಿಘಂಟಿನಲ್ಲಿ ಹುಡುಕುವ ರೂಢಿ ಒಳ್ಳೆಯದು.

ಕನ್ನಡ ಓದಿಗೆ ಸಿದ್ಧಪಡಿಸುವುದು

ರೀಡರ್ ಕೊಳ್ಳುವ ಮೊದಲು ಅಥವಾ ಕಾಲೇಜಿನಿಂದ ಪಡೆದ ಕೂಡಲೇ ಒಂದು ಸಣ್ಣ ಪರೀಕ್ಷೆ ಮಾಡಬೇಕು. ಸೂರ್ಯ, ಸ್ತ್ರೀ, ಲಕ್ಷ್ಮಿ, ರಾಷ್ಟ್ರ, ವೈಶಿಷ್ಟ್ಯ ಎಂಬ ಪದಗಳಿರುವ ಒಂದು ಪುಟವನ್ನು ಅದಕ್ಕೆ ಹಾಕಿ ತೆರೆಯಿರಿ. ಒತ್ತಕ್ಷರಗಳು ಸರಿಯಾಗಿ ಕೆಳಗೆ ಕೂತು, ಅರ್ಕಾವತ್ತು ತನ್ನ ಸ್ಥಾನದಲ್ಲಿ ಬಂದರೆ ಆ ಸಾಧನ ಕನ್ನಡ ತರಗತಿಗೆ ಆಗುತ್ತದೆ. ಅಕ್ಷರಗಳು ಬಿಡಿಬಿಡಿಯಾಗಿ ಒಡೆದು ಕಂಡರೆ ಅದರಲ್ಲಿ ಮಕ್ಕಳಿಂದ ಕನ್ನಡ ಓದಿಸಬಾರದು.

ಎರಡನೆಯದು ಕಡತದ ಸ್ವರೂಪ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಸಿಗುವ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿವೆ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳೂ ಹಾಗೆಯೇ. ಪಿಡಿಎಫ್‌ನಲ್ಲಿ ಪುಟದ ವಿನ್ಯಾಸ ಬದಲಾಗದು. ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ, ಪ್ರತಿ ಸಾಲಿಗೂ ಪುಟವನ್ನು ಎಳೆದಾಡಬೇಕು. ಇಪಬ್ ಸ್ವರೂಪದಲ್ಲಾದರೆ ಅಕ್ಷರ ದೊಡ್ಡದಾದಂತೆ ಸಾಲುಗಳು ತಾವೇ ಮರುಜೋಡಣೆಗೊಳ್ಳುತ್ತವೆ. ಆದ್ದರಿಂದ ಪಾಠಕ್ಕೆ ಬೇಕಾದ ಗದ್ಯಭಾಗವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಲಿಬ್ರೆ ಆಫೀಸ್ ರೈಟರ್‌ನಿಂದ ಇಪಬ್ ಆಗಿ ಉಳಿಸಿಕೊಳ್ಳಬೇಕು. ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶವೂ ಈ ಕೆಲಸ ಮಾಡುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದು ರೀಡರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ.

ಕೃತಿಸ್ವಾಮ್ಯದ ಎಚ್ಚರವೂ ಅಗತ್ಯ. ಭಾರತದಲ್ಲಿ ಲೇಖಕರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗೆ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಅಂಥ ಕೃತಿಗಳು ಇಂದು ಎಲ್ಲರಿಗೂ ಮುಕ್ತ. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ರಕ್ಷಣೆಯಿದೆ.

ಅಕ್ಷರದ ಗಾತ್ರ ಏಕೆ ಮುಖ್ಯ?

ಕನ್ನಡದಲ್ಲಿ ಅರ್ಥವನ್ನು ಬದಲಿಸುವ ಗುರುತುಗಳು ಬಹಳ ಸಣ್ಣವು. ದ-ಧ, ಡ-ಢ, ಪ-ಫ ಜೋಡಿಗಳಲ್ಲಿ ‘ಹೊಟ್ಟೆ ಸೀಳುವ’ ಒಂದು ಪುಟ್ಟ ಗೀಟಷ್ಟೇ ವ್ಯತ್ಯಾಸ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಕಿರಿದಾಗಿ ಸಾಲಿನ ಕೆಳಗೆ ಇಳಿದು, ಕೆಳಸಾಲಿನ ಗುಣಿತ ಚಿಹ್ನೆಗಳ ಹತ್ತಿರ ಬರುತ್ತವೆ. ದೃಷ್ಟಿ ಮಸುಕಾದ ಮಗುವಿಗೆ ಮೊದಲು ಮರೆಯಾಗುವುದು ಇವೇ. ಆ ಮಗು ‘ಧನ’ವನ್ನು ‘ದನ’ ಎಂದು ಓದಿದರೆ, ಒತ್ತಕ್ಷರದ ಬಳಿ ನಿಂತರೆ ನಾವು ಅದನ್ನು ‘ನಿಧಾನ ಕಲಿಕೆಯ ಮಗು’ ಎಂದು ಗುರುತಿಸಿ ಪರಿಹಾರ ಬೋಧನೆಗೆ ಕೂರಿಸುತ್ತೇವೆ. ಬೇಕಾಗಿದ್ದುದು ಕನ್ನಡಕವಾದರೆ, ವರ್ಷವಿಡೀ ಅಕ್ಷರ ತಿದ್ದಿಸಿದರೂ ಫಲವಿಲ್ಲ. ಮುದ್ರಿತ ಪಠ್ಯಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಿಸಲಾಗದು. ರೀಡರ್‌ನಲ್ಲಿ ಅದೇ ಲೇಖಕರ, ಅದೇ ಮಟ್ಟದ ಗದ್ಯವನ್ನು ಎರಡು ಗಾತ್ರಗಳಲ್ಲಿ ಓದಿಸಿ ಹೋಲಿಸಬಹುದು.

ಮಾದರಿ ಪಾಠ

ತರಗತಿ: 8, ವಿಷಯ: ಪ್ರಥಮ ಭಾಷೆ ಕನ್ನಡ, ಅವಧಿ: 40 ನಿಮಿಷ
ಪಾಠ್ಯಾಂಶ: ಪಂಜೆ ಮಂಗೇಶರಾಯರ ‘ಕೋಟಿ ಚೆನ್ನಯ’ದಿಂದ ಆಯ್ದ ಗದ್ಯಭಾಗ (ಪೂರಕ ಓದು)
ಕಲಿಕಾಂಶಗಳು: ಅಪರಿಚಿತ ಗದ್ಯವನ್ನು ಆಲಿಸಿ ಗ್ರಹಿಸುವುದು, ಸ್ಪಷ್ಟವಾಗಿ ಓದುವುದು, ಪಾತ್ರಗಳ ಗುಣವನ್ನು ಸ್ವಂತ ಮಾತಿನಲ್ಲಿ ಹೇಳುವುದು
ಉಪಕರಣಗಳು: ರೀಡರ್ ಒಂದು, ಗದ್ಯದ ಮುದ್ರಿತ ಹಾಳೆಗಳು, ನಿಘಂಟು, ಓದು ದಾಖಲೆ ಹಾಳೆ

1. ತೊಡಗಿಸುವಿಕೆ (5 ನಿಮಿಷ): ತಮ್ಮ ಊರಿನಲ್ಲಿ ಹಾಡಿನ ಮೂಲಕ ಉಳಿದು ಬಂದಿರುವ ವೀರರ ಕಥೆ ಯಾವುದಾದರೂ ಇದೆಯೇ ಎಂದು ಕೇಳುವುದು. ಕೋಟಿ ಚೆನ್ನಯರು ತುಳುನಾಡಿನ ಅವಳಿ ವೀರರು, ಅವರ ಕಥೆ ಪಾಡ್ದನಗಳಲ್ಲಿ ಉಳಿದಿದೆ ಎಂದು ತಿಳಿಸುವುದು. ಪಂಜೆಯವರು ಸ್ವತಃ ಶಿಕ್ಷಕರೂ ಶಾಲಾ ತನಿಖಾಧಿಕಾರಿಯೂ ಆಗಿದ್ದರೆಂಬ ಮಾತನ್ನು ಸೇರಿಸಬಹುದು.

2. ಆದರ್ಶ ವಾಚನ (7 ನಿಮಿಷ): ಶಿಕ್ಷಕರು ರೀಡರ್ ಹಿಡಿದು, ತರಗತಿಯ ನಡುವೆ ನಿಧಾನವಾಗಿ ಸಾಗುತ್ತ ಓದುವುದು. ಅಕ್ಷರ ದೊಡ್ಡದಿರುವುದರಿಂದ ಪರದೆಯಿಂದ ಕಣ್ಣೆತ್ತಿ ಮಕ್ಕಳನ್ನು ನೋಡಿ, ಮತ್ತೆ ಸಾಲು ಹಿಡಿಯುವುದು ಸುಲಭ.

3. ಗುಂಪು ಕಾರ್ಯ ಮತ್ತು ಓದು ಮೂಲೆ (20 ನಿಮಿಷ): ಮಕ್ಕಳು ಗುಂಪುಗಳಲ್ಲಿ ಮುದ್ರಿತ ಹಾಳೆ ಓದಿ, ಕಠಿಣ ಪದಗಳನ್ನು ನಿಘಂಟಿನಲ್ಲಿ ಹುಡುಕಿ, ಪಾತ್ರಗಳ ಬಗ್ಗೆ ನಾಲ್ಕು ವಾಕ್ಯ ಬರೆಯುತ್ತಾರೆ. ವೀಕ್ಷಣೆಗೆ ಬಂದ ಸಹಪಾಠಿ ಪ್ರಶಿಕ್ಷಣಾರ್ಥಿ ಗುಂಪುಗಳನ್ನು ನೋಡಿಕೊಳ್ಳುತ್ತಾರೆ. ಈ ನಡುವೆ ಐದು ಮಕ್ಕಳು ಒಬ್ಬೊಬ್ಬರಾಗಿ, ತಲಾ 4 ನಿಮಿಷ, ಓದು ಮೂಲೆಗೆ ಬರುತ್ತಾರೆ. ಅವರಲ್ಲಿ ಇಬ್ಬರಾದರೂ ಚೆನ್ನಾಗಿ ಓದುವವರಿರಬೇಕು. ಇಲ್ಲವಾದರೆ ‘ಓದಲು ಬಾರದವರ ಮೂಲೆ’ ಎಂಬ ಹೆಸರು ಅಂಟಿಕೊಳ್ಳುತ್ತದೆ.

ಪ್ರತಿ ಮಗುವೂ ಸುಮಾರು 60 ಪದಗಳ ಎರಡು ಭಾಗಗಳನ್ನು ಸಸ್ವರವಾಗಿ ಓದುತ್ತದೆ: ಒಂದು ಪಠ್ಯಪುಸ್ತಕದ ಅಕ್ಷರ ಗಾತ್ರದಲ್ಲಿ, ಇನ್ನೊಂದು ಅದರ ಎರಡರಷ್ಟು ಗಾತ್ರದಲ್ಲಿ. ಒಂದೇ ಭಾಗವನ್ನು ಎರಡು ಸಲ ಓದಿಸಬಾರದು, ಎರಡನೆಯ ಸಲ ನೆನಪೇ ನೆರವಿಗೆ ಬರುತ್ತದೆ. ಕೆಲವರಿಗೆ ಸಣ್ಣ ಅಕ್ಷರ ಮೊದಲು, ಕೆಲವರಿಗೆ ದೊಡ್ಡದು ಮೊದಲು ಕೊಡಬೇಕು. ಬೆಳಕು ಒಂದೇ ಸಮನಾಗಿರಲಿ. ರೀಡರನ್ನು ಮೇಜಿನ ಮೇಲೆ ಒಂದೇ ದೂರದಲ್ಲಿ ಇಡಿ. ತಪ್ಪನ್ನು ನಡುವೆ ತಿದ್ದದೆ, ಎಲ್ಲಿ ತಡವರಿಸಿತು, ಸಾಲು ಬಿಟ್ಟಿತೇ, ಕಣ್ಣು ಕಿರಿದು ಮಾಡಿತೇ, ಮುಂದಕ್ಕೆ ಬಾಗಿತೇ ಎಂದು ದಾಖಲಿಸಿ.

4. ಹಂಚಿಕೆ (6 ನಿಮಿಷ): ಗುಂಪುಗಳು ತಮ್ಮ ವಾಕ್ಯಗಳನ್ನು ಓದಿ ಹೇಳುತ್ತವೆ.

5. ಮೌಲ್ಯಮಾಪನ ಮತ್ತು ಮನೆಗೆಲಸ (2 ನಿಮಿಷ): ಒಂದು ಗ್ರಹಿಕೆಯ ಪ್ರಶ್ನೆ, ಮನೆಯ ಹಿರಿಯರಿಂದ ಒಂದು ಜನಪದ ಕಥೆ ಕೇಳಿ ಬರುವುದು.

ದಾಖಲೆಯನ್ನು ಅರ್ಥೈಸುವುದು

ಸಾಮಾನ್ಯವಾಗಿ ಮೂರು ಬಗೆಗಳು ಕಾಣಬಹುದು. ಎರಡೂ ಗಾತ್ರಗಳಲ್ಲಿ ಒಂದೇ ಬಗೆಯ ಒತ್ತಕ್ಷರಗಳ ಬಳಿ ಮಗು ನಿಂತರೆ, ತೊಡಕು ಅಕ್ಷರಜ್ಞಾನದ್ದು. ಆ ಒತ್ತಕ್ಷರಗಳನ್ನೇ ಆಯ್ದು ಅಭ್ಯಾಸ ಕೊಡಬೇಕು. ಅಕ್ಷರಗಳು ಸರಿಯಾಗಿದ್ದು ಸಣ್ಣ ಗಾತ್ರದಲ್ಲಿ ಸಾಲು ಮಾತ್ರ ತಪ್ಪುತ್ತಿದ್ದರೆ, ಸಾಲಿನ ಕೆಳಗೆ ರಟ್ಟಿನ ಪಟ್ಟಿ ಇಟ್ಟು ಓದಿಸಿ ನೋಡಬೇಕು. ದೊಡ್ಡ ಅಕ್ಷರದಲ್ಲಿ ಓದು ಸರಾಗವಾಗಿ, ಸಣ್ಣದರಲ್ಲಿ ಕಣ್ಣು ಕಿರಿದು ಮಾಡಿ ಬಾಗುತ್ತಿದ್ದರೆ ಮೊದಲು ಆಗಬೇಕಾದ್ದು ನೇತ್ರ ತಪಾಸಣೆ.

ಇದು ವೈದ್ಯಕೀಯ ಪರೀಕ್ಷೆಯಲ್ಲ, ಶಿಕ್ಷಕರ ಅವಲೋಕನ ಮಾತ್ರ. ಇದರಲ್ಲಿ ಚೆನ್ನಾಗಿ ಓದಿದ ಮಗುವಿಗೂ ದೂರದ ಕಪ್ಪುಹಲಗೆ ಕಾಣದಿರಬಹುದು. ಮಗುವಿನ ಮುಂದೆಯಾಗಲಿ ತರಗತಿಯ ಮುಂದೆಯಾಗಲಿ ತೀರ್ಮಾನ ಹೇಳಬಾರದು. ದಾಖಲೆಯನ್ನು ತರಗತಿ ಶಿಕ್ಷಕರಿಗೆ ಒಪ್ಪಿಸಿ, ಅವರ ಮೂಲಕ ಪೋಷಕರಿಗೆ ತಿಳಿಸಬೇಕು. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡದ ಗಮನಕ್ಕೂ ತರಬಹುದು. ದೃಷ್ಟಿದೋಷ ಹೆಚ್ಚಿರುವ ಮಕ್ಕಳಿಗೆ ರೀಡರ್ ಒಂದೇ ಸಾಲದು. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ ಮುದ್ರಿತ ಪುಸ್ತಕ ಓದಲಾಗದವರಿಗೆ ಸುಗಮ ರೂಪದ ಪುಸ್ತಕಗಳನ್ನು ಒದಗಿಸುತ್ತದೆ.

ಮಿತಿಗಳು

ಸಾಮಾನ್ಯ ರೀಡರ್‌ಗಳ ಪರದೆ ಕಪ್ಪು-ಬಿಳುಪಿನದು. ನಕ್ಷೆ, ವಿಜ್ಞಾನದ ಬಣ್ಣದ ಚಿತ್ರಗಳಿಗೆ ಇದು ಹೊಂದದು. ಪುಟಗಳನ್ನು ಥಟ್ಟನೆ ಹಿಂದೆ ಮುಂದೆ ತಿರುವಿ ನೋಡಲು ಮುದ್ರಿತ ಪುಸ್ತಕವೇ ಸುಲಭ. ಒಂದು ಪುಸ್ತಕವನ್ನು ಗೆಳೆಯರಿಬ್ಬರು ಹಂಚಿಕೊಂಡು ಓದುವ ಖುಷಿಯೂ ಇದರಲ್ಲಿ ಕಡಿಮೆ. ಶಾಲಾ ಗ್ರಂಥಾಲಯಕ್ಕೆ ಇದು ಪೂರಕವೇ ಹೊರತು ಬದಲಿಯಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಚಟುವಟಿಕೆ

1. ನಿಮ್ಮ ಬೋಧನಾ ವಿಷಯದ ಒಂದು ಪುಟವನ್ನು ಇಪಬ್‌ಗೆ ಪರಿವರ್ತಿಸಿ. ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಪರೀಕ್ಷಿಸಿ.
2. ಸಮಾನ ಕಠಿಣತೆಯ ಎರಡು ಗದ್ಯಭಾಗಗಳನ್ನು ಆಯ್ದುಕೊಳ್ಳಿ. ಅವು ಸಮಾನ ಎನ್ನಲು ನಿಮ್ಮ ಆಧಾರಗಳೇನು, ಬರೆಯಿರಿ.
3. ಮೂವರು ಮಕ್ಕಳ ಓದು ದಾಖಲೆ ಸಿದ್ಧಪಡಿಸಿ, ಹೆಸರುಗಳನ್ನು ತೆಗೆದು, ಮಾರ್ಗದರ್ಶಕ ಉಪನ್ಯಾಸಕರೊಂದಿಗೆ ಚರ್ಚಿಸಿ.

ಪಾಠ ವೀಕ್ಷಿಸುವ ಉಪನ್ಯಾಸಕರು ಸಾಧನವನ್ನು ಎಷ್ಟು ಹೊತ್ತು ಬಳಸಲಾಯಿತು ಎಂಬುದಕ್ಕೆ ಅಂಕ ಕೊಡಬೇಕಾಗಿಲ್ಲ. ಓದು ಮೂಲೆಯಿಂದ ಎದ್ದುಬಂದ ಆ ಐದು ಮಕ್ಕಳ ಬಗ್ಗೆ ಪ್ರಶಿಕ್ಷಣಾರ್ಥಿಗೆ ಹೊಸದಾಗಿ ಏನು ತಿಳಿಯಿತು, ಅದರಂತೆ ನಾಳೆಯ ಪಾಠದಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಸಾಕು.