ಒಂದು ಪೆಟ್ಟಿಗೆ, ಎರಡು ತೂಕ

ಸರಕನ್ನು ದೇಶದಿಂದ ದೇಶಕ್ಕೆ ಸಾಗಿಸಿಕೊಡುವ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಎರಡು ವಿಭಾಗಗಳಿರುತ್ತವೆ. ಮಾರಾಟ ವಿಭಾಗದವರು ಗಿರಾಕಿಗಳನ್ನು ಕಂಡು, ದರವನ್ನು ತಿಳಿಸಿ, ವ್ಯವಹಾರವನ್ನು ಕುದುರಿಸುತ್ತಾರೆ. ಕಾರ್ಯಾಚರಣೆ ವಿಭಾಗದವರು ಲಾರಿ, ಹಡಗು, ವಿಮಾನಗಳಲ್ಲಿ ಸ್ಥಳವನ್ನು ಗೊತ್ತುಮಾಡಿ, ಸುಂಕದ ಕಾಗದಪತ್ರಗಳನ್ನು ಮುಗಿಸಿ, ಸರಕನ್ನು ಗುರಿ ಮುಟ್ಟಿಸುತ್ತಾರೆ. ಇದರಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಆ ಎರಡು ವಿಭಾಗಗಳನ್ನು ಕೂಡಿಸುವ ಅಥವಾ ಜಗಳಕ್ಕೆ ಹಚ್ಚುವ ವಿಷಯ ನಮ್ಮ ಪಾಠದ ಸಾಂದ್ರತೆಯೇ ಆಗಿದೆ.

ವಿಮಾನದಲ್ಲಿ ಸ್ಥಳಕ್ಕೂ ಮಿತಿಯುಂಟು, ಭಾರಕ್ಕೂ ಮಿತಿಯುಂಟು. ಅರಳೆ ತುಂಬಿದ ಗೊಂಬೆಗಳನ್ನೇ ಏರಿಸಿದರೆ ಭಾರದ ಮಿತಿ ಮುಟ್ಟುವ ಮೊದಲೇ ಸ್ಥಳ ಮುಗಿಯುತ್ತದೆ. ಉಕ್ಕಿನ ಬೋಲ್ಟುಗಳನ್ನೇ ಏರಿಸಿದರೆ ಸ್ಥಳವಿದ್ದೂ ಭಾರ ಮುಗಿಯುತ್ತದೆ. ಆದಕಾರಣ ಪ್ರತಿಯೊಂದು ಪೆಟ್ಟಿಗೆಗೂ ಎರಡು ತೂಕಗಳನ್ನು ಲೆಕ್ಕಹಾಕುವ ರೂಢಿ ಬಂದಿದೆ. ಒಂದು, ತಕ್ಕಡಿ ತೋರಿಸುವ ತೂಕ. ಇನ್ನೊಂದು, ಗಾತ್ರದ ತೂಕ: ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಅಳೆದು ಗುಣಿಸಿ, ಬಂದ ಲಬ್ಧವನ್ನು 6000ದಿಂದ ಭಾಗಿಸಿದರೆ ಅದು ಕಿಲೊಗ್ರಾಮುಗಳಲ್ಲಿ ದೊರೆಯುತ್ತದೆ. ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ. 60, 50, 40 ಸೆಂಟಿಮೀಟರಿನ ಪೆಟ್ಟಿಗೆಯ ಗಾತ್ರದ ತೂಕ 20 ಕಿಲೊಗ್ರಾಂ. ಅದರಲ್ಲಿ 8 ಕಿಲೊಗ್ರಾಂ ಗೊಂಬೆಗಳಿದ್ದರೂ 20ಕ್ಕೇ ಹಣ ತೆರಬೇಕು; 45 ಕಿಲೊಗ್ರಾಂ ಬೋಲ್ಟುಗಳಿದ್ದರೆ 45ಕ್ಕೆ. ಘನಮೀಟರಿಗೆ ಸುಮಾರು 167 ಕಿಲೊಗ್ರಾಂ ಎಂಬುದು ಇಲ್ಲಿನ ಗಡಿ, ಎಂದರೆ ನೀರಿನ ಸಾಂದ್ರತೆಯ ಆರರಲ್ಲೊಂದು ಪಾಲು. ಹಡಗಿನಲ್ಲಿ ಬಿಡಿಯಾಗಿ ಹೋಗುವ ಸರಕಿಗೆ ಸಾಮಾನ್ಯವಾಗಿ ಒಂದು ಘನಮೀಟರನ್ನು ಒಂದು ಟನ್ನಿಗೆ ಸಮವೆಂದು ಹಿಡಿಯುತ್ತಾರೆ. ಇದು ನೀರಿನ ಸಾಂದ್ರತೆಯೇ ಆದುದರಿಂದ ವಿದ್ಯಾರ್ಥಿಗಳಿಗೆ ನೆನಪಿಡಲು ಸುಲಭ.

ಇನ್ನು ಲಾಭದ ಗುಟ್ಟನ್ನು ನೋಡೋಣ. ಒಬ್ಬ ಗಿರಾಕಿಯದು 1 ಘನಮೀಟರು ಗೊಂಬೆ, ತೂಕ 67 ಕಿಲೊಗ್ರಾಂ. ಇನ್ನೊಬ್ಬನದು 1 ಘನಮೀಟರು ಯಂತ್ರದ ಬಿಡಿಭಾಗ, ತೂಕ 267 ಕಿಲೊಗ್ರಾಂ. ಮೊದಲನೆಯವನು 167ಕ್ಕೆ, ಎರಡನೆಯವನು 267ಕ್ಕೆ, ಒಟ್ಟು 434 ಕಿಲೊಗ್ರಾಮಿಗೆ ಹಣ ಕೊಡುತ್ತಾರೆ. ಸಂಸ್ಥೆಯು ಎರಡನ್ನೂ ಕೂಡಿಸಿ ಒಂದೇ ರವಾನೆಯಾಗಿ ವಿಮಾನದವರಿಗೆ ಒಪ್ಪಿಸಿದರೆ, ತಕ್ಕಡಿಯ ತೂಕ 334. 2 ಘನಮೀಟರಿನ ಗಾತ್ರದ ತೂಕವೂ ಹೆಚ್ಚುಕಡಿಮೆ ಅಷ್ಟೇ. ಕೊಡಬೇಕಾದ ಬಾಡಿಗೆ 334ಕ್ಕೆ ಮಾತ್ರ. ಮಿಕ್ಕ 100 ಕಿಲೊಗ್ರಾಮಿನ ಬಾಡಿಗೆ ಬೆರಸುವ ಜಾಣತನಕ್ಕೆ ಸಂದ ಕೂಲಿ! ಗೊಂಬೆಗಳು ಬಂದ ದಿನವೇ ಬಿಡಿಭಾಗಗಳನ್ನೂ ದೊರಕಿಸಬಲ್ಲ ಮಾರಾಟಗಾರನನ್ನು ಕಾರ್ಯಾಚರಣೆಯವರು ಏಕೆ ಮೆಚ್ಚುತ್ತಾರೆಂಬುದನ್ನು ಇದರಿಂದ ಊಹಿಸಬಹುದು.

ಆದರೆ ತೂಕ ಎಷ್ಟೆಂದು ತಿಳಿದರೆ ಸಾಲದು, ಎಲ್ಲಿದೆಯೆಂಬುದೂ ತಿಳಿಯಬೇಕು. 6 ಮೀಟರು ಉದ್ದದ ಕಂಟೇನರಿನಲ್ಲಿ 10 ಟನ್ನಿನ ಒಂದು ಯಂತ್ರವನ್ನು ಇಡಬೇಕೆನ್ನೋಣ. ನಟ್ಟನಡುವೆ ಇಟ್ಟರೆ ಎರಡು ತುದಿಗಳೂ ತಲಾ 5 ಟನ್ನನ್ನು ಹೊರುತ್ತವೆ. ಬಾಗಿಲಿನಿಂದ 1.5 ಮೀಟರು ದೂರದಲ್ಲಿ ಇಟ್ಟರೆ, ಸನ್ನೆಯ ನಿಯಮದಂತೆ, ಬಾಗಿಲಿನ ತುದಿಗೆ 7.5 ಟನ್ನು, ಆಚೆಯ ತುದಿಗೆ 2.5 ಟನ್ನು. ಕ್ರೇನು ಎತ್ತಿದೊಡನೆ ಕಂಟೇನರು ವಾಲುತ್ತದೆ. ಲಾರಿಯ ಒಂದು ಅಚ್ಚಿನ ಮೇಲೆ ಭಾರ ಮಿತಿಮೀರಬಹುದು. ಕಾಗದದಲ್ಲಿ ಮಾತ್ರ ಎರಡೂ ಸಂದರ್ಭಗಳಲ್ಲಿ 10 ಟನ್ನೆಂದೇ ಇರುತ್ತದೆ.

ಕಾಗದದ ತೂಕವೇ ತಪ್ಪಾಗಿದ್ದರೆ? 2007ರ ಜನವರಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಬಿರುಗಾಳಿಯಲ್ಲಿ ಎಂಎಸ್‌ಸಿ ನ್ಯಾಪೊಲಿ ಎಂಬ ಕಂಟೇನರು ಹಡಗಿನ ಒಡಲು ಬಿರಿಯಿತು. ಅದರಲ್ಲಿದ್ದ 26 ಮಂದಿಯನ್ನೂ ಹೆಲಿಕಾಪ್ಟರುಗಳು ಪಾರುಮಾಡಿದವು. ನೀರು ತಾಗದೆ ಉಳಿದಿದ್ದ ಸುಮಾರು 660 ಕಂಟೇನರುಗಳನ್ನು ಬಳಿಕ ತೂಗಿ ನೋಡಿದಾಗ, 137ರ ತೂಕಕ್ಕೂ ಕಾಗದದ ತೂಕಕ್ಕೂ 3 ಟನ್ನಿಗಿಂತ ಹೆಚ್ಚಿನ ಅಂತರ ಕಂಡುಬಂತು. ಒಂದರಲ್ಲಂತೂ 20 ಟನ್ನು! ಒಡಲಿನ ರಚನೆಯಲ್ಲಿಯೇ ಬಲ ಸಾಲದಾಗಿತ್ತೆಂದು ತನಿಖೆ ಹೇಳಿತು. ಆದುದರಿಂದ ಅನಾಹುತಕ್ಕೆ ಸುಳ್ಳು ತೂಕವೊಂದೇ ಕಾರಣವೆನ್ನಲಾಗದು. ಆದರೂ ಹಡಗು ಬಾಗುವ ಲೆಕ್ಕವನ್ನು ಕಾಗದದ ತೂಕಗಳಿಂದಲೇ ಮಾಡಬೇಕಾಗುತ್ತದೆಯಲ್ಲವೆ?

2016ರ ಜುಲೈ 1ರಿಂದ, ತೂಕವನ್ನು ದೃಢಪಡಿಸದ ತುಂಬಿದ ಕಂಟೇನರನ್ನು ಹಡಗಿಗೆ ಏರಿಸಬಾರದೆಂಬ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂದಿದೆ. ತುಂಬಿದ ಕಂಟೇನರನ್ನೇ ತೂಗಬಹುದು. ಇಲ್ಲವೆ ಒಳಗಿನದನ್ನೆಲ್ಲ ತೂಗಿ ಕೂಡಬಹುದು. ಮಂಗಳೂರಿನ ಬಂದರಿನಿಂದ ಹೊರಡುವ ಕಾಫಿಬೀಜವನ್ನು ತೆಗೆದುಕೊಳ್ಳಿ. 60 ಕಿಲೊಗ್ರಾಮಿನ 320 ಚೀಲಗಳಾದರೆ 19,200 ಕಿಲೊಗ್ರಾಂ. ಮಾರಾಟಗಾರನಿಗೆ ಗಿರಾಕಿ ಹೇಳುವುದು ಬಹುಶಃ ಇದೇ ಅಂಕಿ. ಇದು ಬರಿಯ ಬೀಜದ ತೂಕ. ಇದಕ್ಕೆ ಖಾಲಿ ಚೀಲಗಳ ತೂಕ, ಒಳಗೆ ಹಾಸಿದ ಹಾಳೆಗಳ ತೂಕ, ಕೊನೆಗೆ ಕಂಟೇನರಿನ ಸ್ವಂತ ತೂಕ, ಸುಮಾರು 2,200 ಕಿಲೊಗ್ರಾಂ, ಸೇರಬೇಕು. ಈ ಕೊನೆಯದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಂಟೇನರಿನ ಬಾಗಿಲ ಮೇಲೆಯೇ ಬರೆದಿರುತ್ತದೆ.