ಹದಿನಾರರ ಜ್ವರ: ಕೀಳರಿಮೆಯಿಂದ ಹೊರಬರಲು ಹಂತ ಹಂತವಾಗಿ

ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಯಲ್ಲಿ ಬೆಳೆದವರಿಗೆ ‘ಜ್ವರ’ ಅಂದರೆ ಬರೀ ಕಾಯಿಲೆಯಲ್ಲ. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಕಳಚುತ್ತದೆ. ಆ ಹೊತ್ತಿಗೆ ಸೊಪ್ಪು ಬಿಟ್ಟು, ತಲೆಯೆತ್ತಿ, ಹೆಚ್ಚುಕಡಿಮೆ ಒಂದು ದಿನ ಅಲುಗಾಡದೆ ಕೂರುತ್ತದೆ. ಹುಳ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆಗ ಯಾರೂ ಮುಟ್ಟುವುದಿಲ್ಲ, ಸೊಪ್ಪು ಸುರಿಯುವುದಿಲ್ಲ. ಹಾಸು ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಂದೆ ಮಾಡಿ ಬರುತ್ತಾರೆ. ಪಕ್ಕದ ಮನೆಯ ಹುಳುವಿಗೆ ಹೋಲಿಸಿ ಬೈದವರನ್ನಂತೂ ನಾನು ಕಂಡಿಲ್ಲ.

ಅದೇ ಮನೆಯಲ್ಲಿ ಒಂಬತ್ತನೇ ತರಗತಿಯ ಮಗಳು ನಾಲ್ಕು ದಿನ ಮಂಕಾಗಿ ಕೂತರೆ? ‘ಏನ್ ಬಂದಿದೆ ನಿನಗೆ ದೊಡ್ಡ ರೋಗ’ ಎಂದು ಶುರುವಾಗುತ್ತದೆ. ಹಾಗೆ ಕೂತವಳಿಗೋ ಕೂತವನಿಗೋ ಈ ಬರಹ. ದೊಡ್ಡವರು ಕದ್ದು ಓದಿದರೆ ಅಡ್ಡಿಯಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಸಾಕು.

ಹಂತ 1: ಬೈಗುಳ ಯಾರದು ಎಂದು ಬರೆದುಕೋ

ಒಂದು ವಾರ ಬೇರೇನೂ ಮಾಡಬೇಡ. ನಿನ್ನ ಬಗ್ಗೆ ನಿನ್ನ ತಲೆಯಲ್ಲಿ ಕೆಟ್ಟ ಮಾತು ಬಂದಾಗಲೆಲ್ಲ ಅದನ್ನು ಬಂದಂತೆಯೇ ಬರೆ. ‘ನಾನು ದಡ್ಡಿ’. ‘ಕರಿಯ’. ‘ಈ ಮೂತಿಗೆ ಫೋಟೋ ಬೇರೆ’. ಪಕ್ಕದಲ್ಲಿ, ಆ ಮಾತನ್ನು ಮೊದಲು ಯಾರ ಬಾಯಲ್ಲಿ ಕೇಳಿದ್ದೆ ಅನ್ನುವುದು ನೆನಪಾದರೆ ಅದನ್ನೂ ಬರೆ: ಮೂರನೇ ಕ್ಲಾಸಿನ ಮೇಷ್ಟ್ರು, ಮದುವೆಮನೆಗೆ ಬಂದ ದೊಡ್ಡಮ್ಮ, ಬಸ್ಸಿನ ಹಿಂದಿನ ಸೀಟಿನ ಹುಡುಗರು. ವಾರ ಕಳೆದ ಮೇಲೆ ಪುಟ ತಿರುವಿದರೆ, ನಿನ್ನದೇ ಅಂದುಕೊಂಡ ಎಷ್ಟೋ ಮಾತು ಎರವಲು ತಂದದ್ದು ಅನ್ನುವುದು ಕಾಣುತ್ತದೆ.

ಅಮೆರಿಕದ ಸಮಾಜವಿಜ್ಞಾನಿ ಮೋರಿಸ್ ರೋಸೆನ್‌ಬರ್ಗ್ ಹೈಸ್ಕೂಲು ಮಕ್ಕಳ ಆತ್ಮಗೌರವ ಅಳೆಯಲು 1965ರಲ್ಲಿ ಹತ್ತು ವಾಕ್ಯಗಳ ಒಂದು ಅಳತೆಗೋಲನ್ನು ಪ್ರಕಟಿಸಿದ. ಇಂದಿಗೂ ಅದನ್ನು ಬಳಸುತ್ತಾರೆ. ನನಗೆ ಅದರಲ್ಲಿ ಹಿಡಿಸುವುದು ಇದು: ‘ನಾನು ಇತರರಿಗಿಂತ ಮೇಲು’ ಎಂಬ ವಾಕ್ಯ ಅದರಲ್ಲಿಲ್ಲ. ಇತರರಷ್ಟೇ ನನಗೂ ಬೆಲೆ ಇದೆಯೇ ಅನ್ನುವುದಷ್ಟೇ ಪ್ರಶ್ನೆ. ಜಂಬಕ್ಕೂ ಆತ್ಮಗೌರವಕ್ಕೂ ಇರುವ ದೂರ ಅಷ್ಟೇ.

ಹಂತ 2: ಒಂದು ವಿಚಾರಣಾ ಸಮಿತಿ ಮಾಡು

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಹೆಸರು ಕೇಳಿರುತ್ತೀಯ. ಕಡುಬಡವರ ಮನೆಯ ಹುಡುಗ. 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಅಮೆರಿಕದ ಓಹಿಯೋದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಭಾಷಣಗಳಲ್ಲಿ ಎಲ್ಲರೂ ಅವರ ಈ ನಡಿಗೆಯ ಕಥೆಯನ್ನೇ ಹೇಳುತ್ತಾರೆ. ನಿನಗೆ ಅದಕ್ಕಿಂತ ಉಪಯೋಗಕ್ಕೆ ಬರುವುದು 1976ರ ಸಂಗತಿ. ಆ ವರ್ಷ ಅವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ರಚಿಸಿ ತಾವೇ ಅದರ ಅಧ್ಯಕ್ಷರಾದರು. ಎಷ್ಟು ಜನ ನಂಬಿದ್ದಾರೆ ಎನ್ನುವುದು ಬೇಡ, ಸಾಕ್ಷಿ ಏನಿದೆ ತೋರಿಸಿ ಅನ್ನುವುದು ಅವರ ಪಟ್ಟು.

‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಅನ್ನುವುದೂ ಒಂದು ಮೂಢನಂಬಿಕೆಯೇ. ಹಂತ 1ರ ಪಟ್ಟಿಯಿಂದ ದಿನಕ್ಕೊಂದು ಮಾತು ತೆಗೆದುಕೊಂಡು ಸಮಿತಿಯ ಮುಂದಿಡು. ಪರವಾಗಿ ಏನು ಸಾಕ್ಷಿ? ವಿರುದ್ಧ ಏನು? ಕೊನೆಗೆ ತೀರ್ಪನ್ನು ನಿಖರವಾಗಿ ಬರೆ. ‘ನನಗೆ ಇಂಗ್ಲಿಷ್ ಬರಲ್ಲ’ ಎಂಬ ಮಾತು ವಿಚಾರಣೆ ಮುಗಿಯುವಷ್ಟರಲ್ಲಿ ‘ಓದಿದರೆ ಮುಕ್ಕಾಲು ಅರ್ಥವಾಗುತ್ತದೆ, ಎದ್ದು ನಿಂತು ಮಾತಾಡುವಾಗ ತಡವರಿಸುತ್ತೇನೆ’ ಎಂದಾಗಬಹುದು. ಮೊದಲನೆಯದಕ್ಕೆ ಮದ್ದಿಲ್ಲ. ಎರಡನೆಯದಕ್ಕೆ ಇದೆ.

ಸಮಿತಿ ನಿನ್ನ ತಪ್ಪನ್ನು ಎತ್ತಿ ಹಿಡಿಯಲೂಬಹುದು. ತಂಗಿಗೆ ಹೊಡೆದದ್ದು ನಿಜವಾದರೆ ಅದನ್ನೂ ಬರೆ, ಹೋಗಿ ಕ್ಷಮೆ ಕೇಳು. ತಪ್ಪನ್ನು ಮುಚ್ಚಿಟ್ಟುಕೊಂಡರೆ ರಾತ್ರಿ ಅದೇ ಎದ್ದು ಕೂರುತ್ತದೆ.

ಹಂತ 3: ನಾಲಿಗೆಯ ನಾಚಿಕೆ ಬಿಡು

ಇದನ್ನು ಬೇರೆ ಜಿಲ್ಲೆಯವರು ಬರೆದರೆ ಈ ಹಂತ ಇರುತ್ತಿರಲಿಲ್ಲವೇನೋ. ನಮ್ಮಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಿಯುಸಿಗೆ ಹೋದೊಡನೆ ಇಂಗ್ಲಿಷು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಬಹಳಷ್ಟು ರೀಲರ್‌ಗಳ ಮನೆಯಲ್ಲಿ ಉರ್ದು. ಚಿಂತಾಮಣಿಯಿಂದ ಬೆಂಗಳೂರಿನ ಕಾಲೇಜಿಗೆ ಹೋದ ಹುಡುಗ ಕನ್ನಡ ಮಾತಾಡಿದರೆ ‘ತೆಲುಗು ವಾಸನೆ’ ಎಂದು ನಗುತ್ತಾರೆ; ಇಂಗ್ಲಿಷಿಗೆ ಬಾಯಿ ತೆರೆದರೆ ಹೇಗೂ ನಗುತ್ತಾರೆ. ರಜೆಗೆ ಬಂದು ಅಜ್ಜಿಯೊಂದಿಗೆ ತೆಲುಗಾಡುವುದನ್ನೇ ಬಿಟ್ಟವರಿದ್ದಾರೆ. ಅದು ನನಗೆ ನಗುವವರಿಗಿಂತ ಹೆಚ್ಚು ನೋವು ಕೊಡುತ್ತದೆ.

ಚಿಂತಾಮಣಿ ತಾಲ್ಲೂಕಿನ ಕೈವಾರ ತಾತಯ್ಯನವರನ್ನು ನೆನಪಿಸಿಕೋ. ಬಳೆ ಮಾರುತ್ತಿದ್ದವರು. ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಈ ನೆಲದಲ್ಲಿ ಎರಡು ನಾಲಿಗೆ ಇರುವುದು ಊನವಾಗಿದ್ದರೆ ಅವರ ತತ್ವಪದಗಳು ಹುಟ್ಟುತ್ತಿರಲಿಲ್ಲ. ನರಸಿಂಹಯ್ಯನವರದೂ ಒಂದು ಕಥೆ ಇದೆ: ನಡೆದು ಹೋದ ಮರುವರ್ಷವೇ, 1936ರಲ್ಲಿ, ಗಾಂಧೀಜಿ ಅವರ ಶಾಲೆಗೆ ಬಂದಾಗ ಹಿಂದಿಯ ಭಾಷಣವನ್ನು ಕನ್ನಡಕ್ಕೆ ಹೇಳಲು ನಿಂತದ್ದು ಈ ಹಳ್ಳಿ ಹುಡುಗ.

ಮಾಡಬೇಕಾದ್ದು: ಈ ತಿಂಗಳು ಒಮ್ಮೆಯಾದರೂ ಯಾರಿಗಾದರೂ ಭಾಷೆಯ ಸೇತುವೆಯಾಗು. ಬ್ಯಾಂಕಿನ ಚಲನ್ ಓದಲಾರದ ಅಜ್ಜಿಗೆ, ಔಷಧಿ ಚೀಟಿ ಹಿಡಿದು ನಿಂತ ಪಕ್ಕದ ಮನೆಯ ಚಾಚಿಗೆ. ಆಮೇಲೆ ಹಂತ 2ರ ಪುಸ್ತಕದಲ್ಲಿ ‘ವಿರುದ್ಧ ಸಾಕ್ಷಿ’ ಕಡೆ ಅದನ್ನು ಸೇರಿಸು.

ಹಂತ 4: ಕೈಗೆ ಒಂದು ಕೆಲಸ ಕೊಡು

ಕನ್ನಡಿ ಮುಂದೆ ನಿಂತು ‘ನಾನು ಶ್ರೇಷ್ಠ’ ಎಂದು ಹತ್ತು ಸಲ ಹೇಳಿಕೊಳ್ಳಲು ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಹೇಳಿಕೋ, ದುಡ್ಡೇನೂ ಖರ್ಚಿಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಆತ್ಮಗೌರವ ಹೆಚ್ಚಿಸಲೆಂದೇ ಕಾರ್ಯಪಡೆ ರಚಿಸಿತ್ತು. ಆತ್ಮಗೌರವ ಏರಿದರೆ ಓದು ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆ ಆಗ ಜೋರಾಗಿತ್ತು. 2003ರಲ್ಲಿ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಚೆನ್ನಾಗಿ ಮಾಡಿದ ಮೇಲೆ ಆತ್ಮಗೌರವ ಹಿಂದೆ ಬರುವುದೇ ಹೆಚ್ಚು ಎಂದು ಕಂಡಿತು.

ಆದ್ದರಿಂದ ಒಂದು ತಿಂಗಳಿಗೆ ಒಂದೇ ಕೆಲಸ ಆರಿಸಿಕೋ. ಮೂರು ಷರತ್ತು: ಚಿಕ್ಕದಿರಬೇಕು, ಆದದ್ದು ಕಣ್ಣಿಗೆ ಕಾಣಬೇಕು, ನಿನಗೆ ಈಗ ಬರಬಾರದು. ಗಂಟಿಲ್ಲದಂತೆ ಮುದ್ದೆ ತೊಳಸುವುದು. ಸೈಕಲ್ ಪಂಕ್ಚರ್ ಹಾಕುವುದು. ಅಪ್ಪ ಮಂಡಿಗೆ ಹಾಕಿದ ಟೊಮೆಟೊ ಬಾಕ್ಸುಗಳ ಲೆಕ್ಕ, ಕಮಿಷನ್ನು, ಬಾಡಿಗೆ ಬರೆದಿಡುವುದು. ಮೊದಲ ಮುದ್ದೆಯಲ್ಲಿ ಗಂಟು ಬಂದೇ ಬರುತ್ತದೆ, ತಿಂದುಬಿಡು. ಹತ್ತನೆಯದು ನುಣ್ಣಗಾದ ದಿನ ಯಾರೂ ಹೊಗಳದಿದ್ದರೂ ನಿನಗೆ ಗೊತ್ತಿರುತ್ತದೆ.

ಹಂತ 5: ಅಂಕವನ್ನು ಹರಾಜಿನ ದರದಂತೆ ನೋಡು

ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದರೆ ಗೊತ್ತು. ನಿನ್ನೆ ಒಂದು ದರ, ಇವತ್ತು ಇನ್ನೊಂದು. ಬೆಳೆದ ಕೈ ಅದೇ. 625ಕ್ಕೆ ಇಷ್ಟು ಅನ್ನುವುದೂ ಒಂದು ಬೆಳಗಿನ ದರ. 2024ರಿಂದ ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಫಲಿತಾಂಶದ ದಿನ ಮನೆಯಲ್ಲಿ ಗಲಾಟೆಯಾದರೆ ಮೊದಲು ಹೇಳಬೇಕಾದ ಮಾತು ಅದೇ: ಇನ್ನೊಂದು ಪರೀಕ್ಷೆ ಇದೆ.

ಹಂತ 6: ಫೋನು

ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೋದವರ ಫೋಟೋದಲ್ಲಿ ಮೋಡ ಇರುತ್ತದೆ, ಗಂಟೆಗಟ್ಟಲೆ ನಿಂತ ವಾಹನಗಳ ಸಾಲು ಇರುವುದಿಲ್ಲ. ನೋಡಿ ಮುಗಿಸಿದ ಮೇಲೆ ಹೊಟ್ಟೆ ಉರಿಯುವಂತೆ ಮಾಡುವ ಮೂರು ಖಾತೆಗಳನ್ನು ಇವತ್ತೇ ಕೈಬಿಡು. ಉಳಿದದ್ದು ಆಮೇಲೆ ನೋಡೋಣ.

ಹಂತ 7: ಜ್ವರವೋ, ರೋಗವೋ?

ಹುಳು ಸಾಕುವವರಿಗೆ ಈ ವ್ಯತ್ಯಾಸ ಗೊತ್ತು. ಜ್ವರಕ್ಕೆ ಕೂತ ಹುಳು ಎದ್ದು ಮತ್ತೆ ಸೊಪ್ಪಿಗೆ ಬಾಯಿ ಹಾಕುತ್ತದೆ. ಎಲ್ಲವೂ ಎದ್ದ ಮೇಲೂ ಒಂದು ತಿನ್ನದೆ ಬಿದ್ದಿದ್ದರೆ ಅದನ್ನು ಗಮನಿಸುತ್ತಾರೆ. ನಿನಗೂ ಅದೇ ಲೆಕ್ಕ. ಎರಡು ವಾರವಾದರೂ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಇಷ್ಟದ ಕೆಲಸವೂ ಬೇಡ ಅನ್ನಿಸುತ್ತಿದೆ ಅಂದರೆ ನೋಟ್‌ಬುಕ್ಕಿಗೆ ಅದು ಮೀರಿದ ಮಾತು. ಬದುಕೇ ಬೇಡ ಅನ್ನಿಸಿದರೆ ಎರಡು ವಾರವೂ ಕಾಯಬೇಡ. ನೀನು ನಂಬುವ ದೊಡ್ಡವರೊಬ್ಬರಿಗೆ ಇವತ್ತೇ ಹೇಳು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ. ಯಾರಾದರೂ ಹೊಡೆಯುತ್ತಿದ್ದರೆ, ಮೈ ಮುಟ್ಟುತ್ತಿದ್ದರೆ, ಓದು ಬಿಡಿಸಿ ಮದುವೆ ಮಾಡಹೊರಟಿದ್ದರೆ ಮಕ್ಕಳ ಸಹಾಯವಾಣಿ 1098. ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳೂ ಜಿಲ್ಲೆಗಳಲ್ಲಿವೆ.

ಕರೆ ಎತ್ತಿದಾಗ ಏನು ಹೇಳಬೇಕೆಂದು ತೋಚದಿದ್ದರೆ ‘ಇಷ್ಟು ದಿನದಿಂದ ನಿದ್ದೆ ಬರ್ತಿಲ್ಲ’ ಎಂದು ಶುರು ಮಾಡು. ಟೆಲಿ ಮನಸ್ ಸೇವೆ ಇಪ್ಪತ್ತು ಭಾಷೆಗಳಲ್ಲಿದೆ. ಕನ್ನಡದಲ್ಲಿ ಹೇಳಲು ಬಾಯಿ ಬಾರದಿದ್ದರೆ ತೆಲುಗಿನವರು ಬೇಕು, ಉರ್ದುವಿನವರು ಬೇಕು ಎಂದು ಕೇಳು. ನೀನು ಒಳಗೊಳಗೇ ನಿನ್ನನ್ನು ಬೈದುಕೊಳ್ಳುವುದು ಯಾವ ಭಾಷೆಯಲ್ಲೋ, ಆ ಭಾಷೆಯಲ್ಲೇ ಮಾತಾಡು.