ಇಳಕಲ್ ಕಲ್ಲಿನ ಕ್ಯಾಬಿನೆಟ್ ತಂಪಾಗಿರುತ್ತದೆಯೇ?

ಪ್ರಶ್ನೆ: ನಮ್ಮದು ಬಾಗಲಕೋಟಿ ನವನಗರ. ಇಂಜಿನಿಯರಿಂಗ್ ಓದಾಕತ್ತೇನಿ. ಕಂಪ್ಯೂಟರಿನ ಭಾಗ ಎಲ್ಲಾ ಬಿಡಿಬಿಡಿ ತಗೊಂಡು ನಾನೇ ಜೋಡಸಬೇಕಂತ ಮಾಡೇನಿ. ಕ್ಯಾಬಿನೆಟ್ ಮಾತ್ರ ಅಂಗಡ್ಯಾಗಿಂದು ಬ್ಯಾಡ, ಇಲ್ಲೇ ಮಾಡಸಬೇಕು ಅನಸೇತಿ. ಇಳಕಲ್ ಗ್ರಾನೈಟ್ ಮುಟ್ಟಿದ್ರ ಬ್ಯಾಸಗ್ಯಾಗೂ ತಣ್ಣಗಿರತೈತಿ. ಅದರಾಗ ಕ್ಯಾಬಿನೆಟ್ ಮಾಡಿಸಿದ್ರ ಒಳಗ ತಂಪ ಇರತೈತೇನ್ರಿ? ಇಲ್ಲಾಂದ್ರ ಕಟಗೀದು ಮಾಡಸ್ಲ್ಯಾ? ಕಟಗೀಗೆ ಬೆಂಕಿ ಹತ್ತತೈತಿ ಅಂತ ಮನ್ಯಾಗ ಅಂಜಾಕತ್ತಾರ.

ಉತ್ತರ: ಇರುವುದಿಲ್ಲ. ಯಂತ್ರ ಶುರುಮಾಡಿದ ಮೊದಲ ಕಾಲು ಗಂಟೆ ಇದ್ದರೆ ಇದ್ದೀತು.

ಕಲ್ಲು ಕೈಗೆ ತಣ್ಣಗೆ ತಾಗುವುದು ಅದು ಅಂಗೈಯ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ. ಅದೇ ಕೋಣೆಯ ಕಟ್ಟಿಗೆಯ ಬಾಗಿಲೂ ಕಲ್ಲಿನಷ್ಟೇ ಉಷ್ಣತೆಯಲ್ಲಿರುತ್ತದೆ, ಆದರೆ ಶಾಖವನ್ನು ನಿಧಾನವಾಗಿ ಹೀರುತ್ತದೆ, ಹಾಗಾಗಿ ತಣ್ಣಗೆನಿಸುವುದಿಲ್ಲ. ಲೆಕ್ಕ ಹಾಕಿ ನೋಡೋಣ. 45 ಸೆಂಟಿಮೀಟರ್ ಎತ್ತರ, 45 ಆಳ, 20 ಅಗಲದ ಕ್ಯಾಬಿನೆಟ್ಟನ್ನು 20 ಮಿಲಿಮೀಟರ್ ದಪ್ಪದ ಗ್ರಾನೈಟಿನಲ್ಲಿ, ಹಿಂಬದಿ ಬಿಟ್ಟು ಉಳಿದ ಐದು ಕಡೆಯೂ ಮಾಡಿಸಿದಿರಿ ಎನ್ನಿ. ಬರೀ ಕಲ್ಲಿನ ತೂಕವೇ ಸುಮಾರು 36 ಕಿಲೊ ಆಗುತ್ತದೆ. ಅಷ್ಟು ಕಲ್ಲು ಒಂದು ಡಿಗ್ರಿ ಬಿಸಿಯಾಗಲು ಹೆಚ್ಚುಕಡಿಮೆ 28 ಕಿಲೊಜೂಲ್ ಶಾಖ ಬೇಕು. ಆಟ ಆಡುವಾಗ ಅಥವಾ ವಿಡಿಯೊ ಎಡಿಟಿಂಗ್ ಮಾಡುವಾಗ ಯಂತ್ರ 300 ವಾಟ್ ಉಗುಳುತ್ತಿದ್ದರೆ, ಆ ಶಾಖವೆಲ್ಲ ಕಲ್ಲಿಗೇ ಹೋಯಿತೆಂದು ಇಟ್ಟುಕೊಂಡರೂ ಹದಿನಾರು ನಿಮಿಷಕ್ಕೆ ಕಲ್ಲು ಹತ್ತು ಡಿಗ್ರಿ ಏರಿರುತ್ತದೆ. ಏರಿದ್ದು ಬೇಗ ಇಳಿಯುವುದೂ ಇಲ್ಲ. ನೀವು ಯಂತ್ರ ಬಂದ್ ಮಾಡಿ ಊಟಕ್ಕೆ ಹೋಗಿ ಬಂದರೂ ಕಲ್ಲು ಬೆಚ್ಚಗೇ ಇರುತ್ತದೆ.

ಹಳೇ ಬಾಗಲಕೋಟೆಯ ಮಣ್ಣಿನ ಮಾಳಿಗೆ ಮನೆಗಳು ನಿಮ್ಮ ಮನೆಯವರಿಗೆ ನೆನಪಿರುತ್ತವೆ. ಅಲ್ಲಿ ಗೋಡೆಯ ದಪ್ಪವೊಂದೇ ತಂಪು ಕೊಡುತ್ತಿರಲಿಲ್ಲ. ಒಲೆಯ ಮೇಲಿನ ಬೆಳಕಿಂಡಿ ಮುಚ್ಚಿದ್ದರೆ ಒಳಗೆ ನಿಲ್ಲಲಿಕ್ಕಾಗುತ್ತಿರಲಿಲ್ಲ. ಕ್ಯಾಬಿನೆಟ್ಟಿನೊಳಗೆ ಒಲೆ ದಿನವಿಡೀ ಉರಿಯುತ್ತಲೇ ಇರುತ್ತದೆ. ಹಾಗಾಗಿ ಯಾವುದರಲ್ಲಿ ಮಾಡಿಸಲಿ ಎನ್ನುವುದಕ್ಕಿಂತ ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗಬೇಕು ಎಂಬುದನ್ನು ನೀವು ಮೊದಲು ತೀರ್ಮಾನಿಸಬೇಕು. ಕಲ್ಲು, ಕಟ್ಟಿಗೆ, ತಗಡು ಯಾವುದಾದರೂ ನಡೆಯುತ್ತದೆ, ತೂತು ಸರಿ ಇದ್ದರೆ.

ಎಷ್ಟು ಗಾಳಿ ಬೇಕು? 300 ವಾಟ್ ಶಾಖವನ್ನು ಹೊರಹಾಕಿ, ಒಳಗಿನ ಗಾಳಿ ಕೋಣೆಗಿಂತ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗದಂತೆ ನೋಡಿಕೊಳ್ಳಲು ಸೆಕೆಂಡಿಗೆ ಸುಮಾರು 27 ಲೀಟರ್ ಗಾಳಿ ಹಾಯಬೇಕು. ಫ್ಯಾನಿನ ಡಬ್ಬಿಯ ಮೇಲೆ ಬರೆಯುವ ಸಿಎಫ್‌ಎಂ ಲೆಕ್ಕದಲ್ಲಿ ಇದು 57ರ ಆಸುಪಾಸು. 120 ಮಿಲಿಮೀಟರ್ ಫ್ಯಾನಿನ ಡಬ್ಬಿ ಮೇಲೆ 50–60 ಎಂದು ಬರೆದಿರುವುದುಂಟು. ಅದು ಬಯಲಲ್ಲಿ ತಿರುಗಿದಾಗಿನ ಮಾತು. ಜಾಲಿ, ಧೂಳಿನ ಪರದೆ, ವೈರಿನ ಗೊಂದಲ ದಾಟುವಷ್ಟರಲ್ಲಿ ಅರ್ಧ ಉಳಿದರೆ ಪುಣ್ಯ. ಆದ್ದರಿಂದ ಮುಂದೆ ಎರಡು ಫ್ಯಾನು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ನಿಮ್ಮೂರಿನ ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ, ಕೋಣೆಯಲ್ಲಿ 37 ಇದ್ದರೆ ಕ್ಯಾಬಿನೆಟ್ಟಿನ ಗಾಳಿ 47 ಆಗಿಯೇ ಆಗುತ್ತದೆ. ಎಷ್ಟು ಫ್ಯಾನ್ ಜಡಿದರೂ ಕೋಣೆಗಿಂತ ತಣ್ಣಗೆ ಮಾಡಲಾಗದು. ಪ್ರೊಸೆಸರುಗಳು ನೂರು ಡಿಗ್ರಿಯ ಹತ್ತಿರ ಹೋದಾಗ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ, ಇನ್ನೂ ಏರಿದರೆ ಯಂತ್ರ ಬಂದ್ ಆಗುತ್ತದೆ. 47ರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ.

ಇಲ್ಲಿ ನಿಮ್ಮ ಜಿಲ್ಲೆಯದೇ ಒಂದು ಸಂಗತಿ ಹೇಳಲೇಬೇಕು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಕಟ್ಟಿಸಿದಳು. ಅದರ ಗೋಡೆಗಳಲ್ಲಿ ಕಲ್ಲಿನಲ್ಲೇ ಕೊರೆದ ಜಾಲಂಧ್ರಗಳಿವೆ. ಐಹೊಳೆಯ ಲಾಡಖಾನ್ ಗುಡಿಯಲ್ಲೂ ದುರ್ಗ ಗುಡಿಯಲ್ಲೂ ಇವೆ, ಒಂದೊಂದರ ವಿನ್ಯಾಸವೂ ಬೇರೆ. ಮರಳುಗಲ್ಲಿನ ದಪ್ಪ ಗೋಡೆಗೆ ಬೆಳಕು ಗಾಳಿ ಕೊಡಬೇಕಿತ್ತು, ಆದರೆ ಗೋಡೆ ಗೋಡೆಯಾಗಿಯೇ ಕಾಣಬೇಕಿತ್ತು. ಕ್ಯಾಬಿನೆಟ್ಟಿನ ಮುಂಬದಿಗೆ ಬೇಕಾದದ್ದೂ ಇಷ್ಟೇ. ಒಂದು ರವಿವಾರ ಹೋಗಿ ಫೋಟೊ ತೆಗೆದುಕೊಂಡು ಬನ್ನಿ. ಅಂತರಜಾಲದಲ್ಲಿ ಡ್ರ್ಯಾಗನ್ ಚಿತ್ರ ಹುಡುಕುವುದಕ್ಕಿಂತ ಇದು ಒಳ್ಳೆಯದು ಎಂಬುದು ನನ್ನ ಹಟ.

ಆದರೆ ಚಿತ್ರ ನಕಲು ಮಾಡುವ ಮುನ್ನ ತೆರಪು ಎಷ್ಟಿದೆ ಲೆಕ್ಕ ಹಾಕಿ. 5 ಮಿಲಿಮೀಟರ್ ತೂತುಗಳನ್ನು ಜೇನುಹುಟ್ಟಿನ ಕ್ರಮದಲ್ಲಿ, ನಡುವಿನಿಂದ ನಡುವಿಗೆ 6 ಮಿಲಿಮೀಟರ್ ಅಂತರದಲ್ಲಿ ಹಾಕಿದರೆ ಶೇಕಡಾ 63ರಷ್ಟು ಜಾಗ ತೆರೆದಿರುತ್ತದೆ. ಅದೇ ತೂತುಗಳನ್ನು 10 ಮಿಲಿಮೀಟರಿಗೊಂದು ಹಾಕಿದರೆ ಶೇಕಡಾ 23ಕ್ಕೆ ಇಳಿಯುತ್ತದೆ. ಕಣ್ಣಿಗೆ ಎರಡೂ ಜಾಲಿಯೇ; ಫ್ಯಾನಿಗೆ ಒಂದು ಬಾಗಿಲು, ಇನ್ನೊಂದು ಗೋಡೆ. ಮುಂಬದಿಯ 900 ಚದರ ಸೆಂಟಿಮೀಟರಿನಲ್ಲಿ ಶೇಕಡಾ 23 ಅಂದರೆ 200 ಚಿಲ್ಲರೆ. ಎರಡು ಫ್ಯಾನುಗಳ ಬಾಯಿಯೂ ಕೂಡಿ ಹೆಚ್ಚುಕಡಿಮೆ ಅಷ್ಟೇ ಇರುತ್ತದಾದ್ದರಿಂದ ಸಾಕು ಅನ್ನಿಸೀತು. ಆದರೆ ಹಿಂದೆ ಧೂಳಿನ ಪರದೆ ಕಟ್ಟಿದೊಡನೆ ಅದರಲ್ಲಿ ಸಾಕಷ್ಟು ಪಾಲು ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ತೆರಪಿರುವ ವಿನ್ಯಾಸವನ್ನೇ ಆರಿಸಿ.

ಕೊರೆಯುವವರು ಊರಲ್ಲೇ ಸಿಗುತ್ತಾರೆ. ದೇವರ ಕೋಣೆಯ ಬಾಗಿಲಿಗೆ ಜಾಲಿ ಕೊರೆಯುವ ಸಿಎನ್‌ಸಿ ಯಂತ್ರದವರ ಕೆಲಸವೂ ಇದೇ. ಅವರಿಗೆ ಕಾಗದದ ಚಿತ್ರ ಸಾಲದು, ಡಿಎಕ್ಸ್‌ಎಫ್ ಕಡತ ಕೊಡಬೇಕು. ಇಂಜಿನಿಯರಿಂಗ್ ಓದುವವರಿಗೆ ಅದನ್ನು ಬರೆಯುವುದು ದೊಡ್ಡ ಮಾತಲ್ಲ. ಕಸೂತಿಯ ಗೋಪುರ, ರಥ, ಆನೆ ಹಾಕಿಸುವ ಆಸೆಯಿದ್ದರೆ ಒಂದು ಎಚ್ಚರ: ಕಸೂತಿಯ ಗೆರೆಗಳಿಗೆ ಹಿಂದೆ ಬಟ್ಟೆಯ ಆಸರೆ ಇರುತ್ತದೆ, ಜಾಲಿಗೆ ಇರುವುದಿಲ್ಲ. ಸುತ್ತಲೂ ಕೊರೆದ ಆಕೃತಿ ಕಳಚಿ ಕೆಳಗೆ ಬೀಳುತ್ತದೆ. ಪ್ರತಿಯೊಂದು ತುಂಡೂ ಎಲ್ಲಿಯಾದರೂ ಅಂಚಿಗೆ ಅಂಟಿಕೊಂಡಿರುವಂತೆ ಬರೆಯಬೇಕು. ಇಳಕಲ್ ಸೀರೆಯ ಸೆರಗಿನ ತೋಪು ತೆನಿ ವಿನ್ಯಾಸ, ಅದರ ಬಾಚಣಿಗೆಯ ಹಲ್ಲಿನಂಥ ಅಂಚಿನಿಂದಾಗಿ, ಈ ಕೆಲಸಕ್ಕೆ ಸಲೀಸಾಗಿ ಒಗ್ಗುತ್ತದೆ. ಜಾಲಿಗೂ ಫ್ಯಾನಿನ ರೆಕ್ಕೆಗೂ ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಜಾಗ ಬಿಡಿ, ಇಲ್ಲದಿದ್ದರೆ ರಾತ್ರಿಯೆಲ್ಲ ಸಿಳ್ಳೆ.

ಇನ್ನು ಕಟ್ಟಿಗೆಗೆ ಬೆಂಕಿ ಹತ್ತುವ ಮಾತು. ಮರ ಹೊತ್ತಿಕೊಳ್ಳಲು 250 ಡಿಗ್ರಿಯಾದರೂ ಬೇಕು. 50 ಡಿಗ್ರಿಯ ಗಾಳಿಗೆ ಏನೂ ಆಗುವುದಿಲ್ಲ. ಅಪಾಯವಿದ್ದರೆ ಅದು ಸಡಿಲವಾಗಿ ಕೂತ ವಿದ್ಯುತ್ ಪ್ಲಗ್ಗಿನಿಂದ ಮತ್ತು ಯಂತ್ರಕ್ಕೆ ವಿದ್ಯುತ್ ಒದಗಿಸುವ ಅಗ್ಗದ ಎಸ್‌ಎಂಪಿಎಸ್‌ನಿಂದ, ಅದು ತಗಡಿನ ಕ್ಯಾಬಿನೆಟ್ಟಿಗೂ ಇದ್ದದ್ದೇ. ಮನೆಯವರಿಗೆ ಇನ್ನೊಂದು ಮಾತು ಹೇಳಿ: 1976ರಲ್ಲಿ ಆಪಲ್ ಕಂಪನಿ ಮಾರಿದ ಮೊದಲ ಕಂಪ್ಯೂಟರ್ ಬರೀ ಸರ್ಕ್ಯೂಟ್ ಬೋರ್ಡ್, ಪೆಟ್ಟಿಗೆಯೇ ಇರಲಿಲ್ಲ. ಕೊಂಡವರು ತಾವೇ ಮಾಡಿಕೊಂಡರು. ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿರುವುದು ಮರದ ಪೆಟ್ಟಿಗೆಯದು. ಈಚೆಗೆ, 2022ರಲ್ಲಿ, ಸ್ವೀಡನ್ನಿನ ಫ್ರ್ಯಾಕ್ಟಲ್ ಡಿಸೈನ್ ಕಂಪನಿ ಮುಂಬದಿಗೆ ಆಕ್ರೋಟ ಮರದ ಪಟ್ಟಿಗಳನ್ನು ಜೋಡಿಸಿದ ‘ನಾರ್ತ್’ ಎಂಬ ಕ್ಯಾಬಿನೆಟ್ ತಂದಾಗ ಜನ ಮುಗಿಬಿದ್ದು ಮಾತಾಡಿದರು. ಅಲ್ಲಿಯೂ ಪಟ್ಟಿಗಳ ನಡುವೆ ಸಂದು ಬಿಟ್ಟಿದ್ದಾರೆ, ಗಾಳಿ ಹಾಯುವುದು ಅಲ್ಲಿಂದ.

ನನ್ನ ಸಲಹೆ ಕೇಳಿದರೆ, ಮೈ 12 ಮಿಲಿಮೀಟರ್ ಪ್ಲೈವುಡ್ಡಿನದಾಗಲಿ. ಅಖಂಡ ಸಾಗವಾನಿ ಹಲಗೆ ಚಂದವೇ, ಆದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಸ್ಕ್ರೂ ತೂತುಗಳು ಹೊಂದುವುದಿಲ್ಲ. ಇಳಕಲ್ ಕಲ್ಲು ತಳಕ್ಕೆ ಮಾತ್ರ. 45 ಸೆಂಟಿಮೀಟರಿಗೆ 20ರ ಒಂದು ತುಂಡು ಐದು ಕಿಲೊದೊಳಗೇ ಇರುತ್ತದೆ. ಪೆಟ್ಟಿಗೆ ಅಲುಗುವುದಿಲ್ಲ, ಫ್ಯಾನಿನ ನಡುಕ ಮೇಜಿಗೆ ಇಳಿಯುವುದೂ ಕಡಿಮೆಯಾಗುತ್ತದೆ. ಪಾಲಿಶ್ ಮಾಡುವಲ್ಲಿ ಉಳಿದ ತುಂಡು ಕೇಳಿ ನೋಡಿ. ಕೆಳಗೆ ನಾಲ್ಕು ರಬ್ಬರ್ ಗುಂಡಿ ಅಂಟಿಸುವುದು ಮರೆಯಬೇಡಿ, ಮೇಜಿನ ಸನ್‌ಮೈಕಾ ಉಳಿಯಲಿ. ಪೂರ್ತಿ ಕಲ್ಲಿನದೇ ಬೇಕೆಂದು ಹಟ ಹಿಡಿದರೆ ಬೇಡ ಅನ್ನುವುದಿಲ್ಲ, ಆದರೆ ಧೂಳು ಒರೆಸಬೇಕಾದಾಗಲೆಲ್ಲ ಎತ್ತಲು ಗೆಳೆಯನನ್ನು ಕರೆಯಬೇಕಾಗುತ್ತದೆ.

ಪಕ್ಕಕ್ಕೆ ಗಾಜು ಹಾಕಿಸುವಿರಾದರೆ ಅಳತೆ, ತೂತು ಎಲ್ಲ ಮೊದಲೇ ಹೇಳಿ ಟಫನ್ ಮಾಡಿಸಬೇಕು. ಟಫನ್ ಆದ ಗಾಜಿಗೆ ಡ್ರಿಲ್ ತಾಗಿಸಿದರೆ ಪೂರ್ತಿ ಪುಡಿಯಾಗುತ್ತದೆ. ಅಕ್ರಿಲಿಕ್ ಹಗುರ, ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಲೇಸರಿನಿಂದ ಕತ್ತರಿಸಿಕೊಡುತ್ತಾರೆ. ಆದರೆ ಅಲ್ಲೇ ಇರುವ ಪಿವಿಸಿ ಶೀಟನ್ನು ಮಾತ್ರ ಲೇಸರಿಗೆ ಒಡ್ಡಬಾರದು. ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಮೂಗು, ಶ್ವಾಸಕೋಶವನ್ನು ಕೊರೆಯುತ್ತದೆ, ಯಂತ್ರವನ್ನೂ ತಿನ್ನುತ್ತದೆ.

ಒಳಗಿನ ಅಸ್ಥಿಪಂಜರವನ್ನು ಹೊಸದಾಗಿ ಮಾಡಲು ಹೋಗಬೇಡಿ. ಎಟಿಎಕ್ಸ್ ಎಂಬ ಅಳತೆಯನ್ನು ಇಂಟೆಲ್ 1995ರಲ್ಲಿ ಹೊರತಂದಿತು, ಇವತ್ತಿಗೂ ಅದೇ ನಡೆದಿದೆ. ಮದರ್‌ಬೋರ್ಡ್ 305 ಮಿಲಿಮೀಟರಿಗೆ 244. ಮೈಕ್ರೊ ಎಟಿಎಕ್ಸ್ 244ಕ್ಕೆ 244, ಮಿನಿ ಐಟಿಎಕ್ಸ್ 170ಕ್ಕೆ 170. ಗ್ರಾಫಿಕ್ಸ್ ಕಾರ್ಡ್ ಕೂರುವ ಸ್ಲಾಟುಗಳ ನಡುವೆ 20.32, ಕೇಬಲ್ ಚುಚ್ಚುವ ಹಿಂಬದಿಯ ಕಿಟಕಿ 158.75ಕ್ಕೆ 44.45. ತುಸು ತಪ್ಪಿದರೂ ಕಾರ್ಡ್ ಓರೆಯಾಗಿ ಕೂರುತ್ತದೆ. ಬಡಿಗೇರರ ರಂದಾಕ್ಕೆ ಈ ಅಳತೆ ಒಪ್ಪಿಸುವುದು ಕಷ್ಟ, ಅವರ ತಪ್ಪೇನೂ ಅಲ್ಲ. ಆದ್ದರಿಂದ ರಿಪೇರಿ ಅಂಗಡಿಯಲ್ಲಿ ಮೂಲೆಗೆ ಬಿದ್ದ ಹಳೇ ಎಟಿಎಕ್ಸ್ ಕ್ಯಾಬಿನೆಟ್ ಒಂದನ್ನು ತನ್ನಿ. ಮದರ್‌ಬೋರ್ಡ್ ಕೂರುವ ತಗಡನ್ನೂ ಹಿಂಬದಿಯ ತಗಡನ್ನೂ ಜೋಡಿಯಾಗಿಯೇ ಉಳಿಸಿಕೊಂಡು, ರಿವೆಟ್ ಡ್ರಿಲ್ ಮಾಡಿ ಬಾಕಿಯದನ್ನು ತೆಗೆಯಿರಿ. ಈ ಅಸ್ಥಿಪಂಜರದ ಸುತ್ತ ನಿಮ್ಮ ಪ್ಲೈವುಡ್ ಮನೆ ಕಟ್ಟಿ. 120 ಮಿಲಿಮೀಟರ್ ಫ್ಯಾನಿನ ಸ್ಕ್ರೂ ತೂತುಗಳ ಅಂತರ 105 ಎಂಬುದನ್ನು ಬಡಿಗೇರರಿಗೆ ಬರೆದು ಕೊಡಿ.

ಕೊರೆಯುವ, ಅರ ಉಜ್ಜುವ ಕೆಲಸವೆಲ್ಲ ಮದರ್‌ಬೋರ್ಡ್ ಹತ್ತಿರವಿಲ್ಲದಾಗಲೇ ಮುಗಿಯಬೇಕು. ಕಬ್ಬಿಣದ ಒಂದು ಚೂರು ಚಿಪ್ಪಿನ ಎರಡು ಕಾಲುಗಳ ನಡುವೆ ಕೂತರೆ ಬೋರ್ಡ್ ಹೋಯಿತು. ಎಸ್‌ಎಂಪಿಎಸ್‌ನ ತಗಡಿನ ಡಬ್ಬಿಯನ್ನು ಚಂದ ಮಾಡುವ ನೆಪದಲ್ಲೂ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್ ಮೀರಿದ ವಿದ್ಯುತ್ ಉಳಿದಿರಬಹುದು. ತಗಡಿನ ಕ್ಯಾಬಿನೆಟ್ಟಿನಲ್ಲಿ ಎಲ್ಲವೂ ತಾನಾಗಿಯೇ ಅರ್ಥಿಂಗಿಗೆ ಸೇರಿರುತ್ತದೆ, ಕಟ್ಟಿಗೆಯಲ್ಲಿ ಹಾಗಿಲ್ಲ. ಎಸ್‌ಎಂಪಿಎಸ್ ಡಬ್ಬಿಗೂ ಮದರ್‌ಬೋರ್ಡಿನ ತಗಡಿಗೂ ಬಣ್ಣ ಕೆರೆದ ಜಾಗದಲ್ಲಿ ಒಂದು ತಂತಿ ಬಿಗಿಯಿರಿ. ಗೋಡೆಯ ಮೂರು ಪಿನ್ನಿನ ಸಾಕೆಟ್ಟಿಗೆ ಅರ್ಥಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ತೂತು ಮಾತ್ರ ಇದ್ದು ತಂತಿ ಇಲ್ಲದ ಮನೆಗಳು ಕಡಿಮೆಯೇನಲ್ಲ.

ಆಷಾಢದ ಗಾಳಿ ಶುರುವಾದರೆ ನಿಮ್ಮಲ್ಲಿ ಧೂಳು ಕಿಟಕಿ ಮುಚ್ಚಿದರೂ ಬರುತ್ತದೆ. ಒಳಕ್ಕೆ ಎರಡು, ಹೊರಕ್ಕೆ ಒಂದು ಫ್ಯಾನ್ ಎಂದದ್ದು ಇದಕ್ಕೂ ಹೌದು. ಒಳಗಿನ ಒತ್ತಡ ತುಸು ಹೆಚ್ಚಿದ್ದರೆ ಸಂದುಗೊಂದುಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ನುಗ್ಗುವುದಿಲ್ಲ, ಧೂಳು ಮುಂದಿನ ಪರದೆಯಲ್ಲೇ ಸಿಕ್ಕಿಬೀಳುತ್ತದೆ. ಗುಳೇದಗುಡ್ಡದ ಖಣವನ್ನು ಪರದೆಯಾಗಿ ಬಿಗಿಯುವ ಯೋಚನೆ ಬಂದೀತು, ಆ ನೇಯ್ಗೆ ಬಲು ಒತ್ತು, ಉಸಿರೇ ಆಡದು. ಖಣ ಬೇಕಾದರೆ ಗಾಳಿ ಹಾಯದ ಮಗ್ಗುಲಿಗೆ ಅಂಟಿಸಿ. ಪರದೆಗೆ ಕಿಟಕಿಯ ಸೊಳ್ಳೆ ಜಾಲರಿಯೇ ಸಾಕು. ಅದನ್ನು ಆಯಸ್ಕಾಂತದ ಪಟ್ಟಿಯಿಂದ ಕೂರಿಸಿ, ಕಿತ್ತು ತೊಳೆಯುವುದು ಸುಲಭವಾಗಲಿ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ. ಮಧ್ಯಾಹ್ನದ ಹೊತ್ತಲ್ಲಿ ಭಾರಿ ಕೆಲಸ ಹಚ್ಚಿ ಅರ್ಧ ಗಂಟೆ ಬಿಟ್ಟು ಪ್ರೊಸೆಸರಿನ ಉಷ್ಣತೆ ಬರೆದುಕೊಳ್ಳಿ. ಆಮೇಲೆ ಪಕ್ಕದ ಬಾಗಿಲು ತೆಗೆದಿಟ್ಟು ಮತ್ತರ್ಧ ಗಂಟೆ. ಎರಡರ ನಡುವೆ ಎರಡು ಮೂರು ಡಿಗ್ರಿ ವ್ಯತ್ಯಾಸವಿದ್ದರೆ ನಿಮ್ಮ ಜಾಲಿ ಗೆದ್ದಿದೆ. ಐದಾರು ಡಿಗ್ರಿಗಿಂತ ಹೆಚ್ಚಿದ್ದರೆ ಫ್ಯಾನ್ ಬದಲಿಸುವ ಮುನ್ನ ಡಿಎಕ್ಸ್‌ಎಫ್ ಕಡತ ತೆರೆದು ತೂತುಗಳನ್ನು ದೊಡ್ಡದು ಮಾಡಿ, ಸಿಎನ್‌ಸಿಯವರ ಹತ್ತಿರ ಮತ್ತೊಮ್ಮೆ ಹೋಗಿ.